ಒಂದು ನಿಮಿಷದ ರೊಟ್ಟಿ

ಶೆಟ್ಟೆಪ್ಪನವರಿಗೆ ವಾಟ್ಸಾಪಿನಲ್ಲಿ ಏನೇ ಬಂದರೂ ಕೈಮುಗಿಯುವ ಅಭ್ಯಾಸ. ಯಾರದಾದರೂ ಮಗುವಿನ ಜವಳ ಆದರೂ ಆ ಜೋಡಿಸಿದ ಕೈಗಳ ಚಿತ್ರ, ಯಾರಾದರೂ ತೀರಿಕೊಂಡರೂ ಅದೇ ಚಿತ್ರ, ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂದು ಬಿಲ್ಡಿಂಗಿನವರು ತಿಳಿಸಿದರೂ ಅದೇ ಚಿತ್ರ. ಮೊದಲು ಮರ್ಯಾದೆ, ಓದುವುದು ಆಮೇಲೆ. ಆ ಆಮೇಲೆ ಎಂಬುದು ಬಹಳ ಸಲ ಬರುತ್ತಲೇ ಇರಲಿಲ್ಲ.

ಆ ಗುರುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಅವರು ಮುಂಬಯಿಯ ವಡಾಲದ ಒಂದು ಬಿಲ್ಡಿಂಗಿನ ತಳಮಹಡಿಯಲ್ಲಿದ್ದ ತಮ್ಮ ರೊಟ್ಟಿ ಕೇಂದ್ರದಲ್ಲಿ ಕೂತು ಚಹಾವನ್ನು ಬಸಿಗೆ ಸುರುವಿಕೊಳ್ಳುತ್ತಿದ್ದಾಗ ಫೋನು ಬಂತು. ಆ ಕಡೆ ಸ್ನೇಹಲ್ ಮೇಡಂ. ರೈಲು ಹಳಿಯ ಆಚೆ ಹೊಸದಾಗಿ ಎದ್ದ ಮೂವತ್ತೆರಡು ಮಹಡಿಯ ಟವರಿನ ಕಮಿಟಿಗೆ ಅವರೇ ಸೆಕ್ರೆಟರಿ.

"ಶೆಟ್ಟೆಪ್ಪಜೀ, ಆಪ್‌ಕಾ ವಿಡಿಯೋ ಕಹಾಂ ಹೈ?"

"ಕೌನ್ಸಾ ವಿಡಿಯೋ ಮೇಡಂ?"

ಮೇಡಂ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ಟವರಿನ ಕ್ಲಬ್‌ಹೌಸಿನಲ್ಲಿ ಭಾನುವಾರಕ್ಕೊಮ್ಮೆ ಊಟದ ಸ್ಟಾಲು ಇಡಲು ಒಬ್ಬರಿಗೆ ಒಂದು ವರ್ಷದ ಮಟ್ಟಿಗೆ ಅವಕಾಶ ಕೊಡುತ್ತಾರೆ. ಬೇಕೆಂದವರು ತಮ್ಮ ಅಂಗಡಿಯ ಬಗ್ಗೆ ಒಂದು ನಿಮಿಷದ ವಿಡಿಯೋ ಕಳಿಸಬೇಕು. ಇವತ್ತು ಸಂಜೆ ಸಭೆ. ಎಲ್ಲರದನ್ನೂ ತೋರಿಸಿ ವೋಟು ಹಾಕಿಸುತ್ತಾರೆ. ಗೆದ್ದವರ ವಿಡಿಯೋ ವರ್ಷವಿಡೀ ಲಿಫ್ಟಿನೊಳಗಿನ ಟಿ.ವಿ.ಯಲ್ಲಿ ಓಡುತ್ತದೆ. ಆದರೆ ಅದು ಕಾರ್ಟೂನ್ ವಿಡಿಯೋ ಆಗಿರಬೇಕು, ಬಿಡಿಸಿದ ಚಿತ್ರಗಳೇ ಓಡಾಡಬೇಕು. ಹೋದ ವರ್ಷ ಗೆದ್ದವರು ನಿಜವಾದ ಅಡುಗೆಮನೆಯ ವಿಡಿಯೋ ಕೊಟ್ಟಿದ್ದರು. ಅದರ ಗೋಡೆಯ ಮೇಲೊಂದು ಹಲ್ಲಿ ಇದ್ದದ್ದನ್ನು ಸಭೆಯಲ್ಲಿ ಯಾರೂ ನೋಡಲಿಲ್ಲ. ಲಿಫ್ಟಿನಲ್ಲಿ ಎಲ್ಲರೂ ನೋಡಿದರು. ಆ ಹಲ್ಲಿ ಮೂರು ದಿನ ಮೂವತ್ತೆರಡು ಮಹಡಿ ಹತ್ತಿ ಇಳಿದ ಮೇಲೆ ಕಮಿಟಿಯವರು ಈ ಕಾನೂನು ಮಾಡಿದ್ದರು.

"ಎಂಟು ದಿನದ ಹಿಂದೆಯೇ ಇದನ್ನೆಲ್ಲ ಬರೆದು ಕಳಿಸಿದ್ದೆ. ನೀವು ಕೈಮುಗಿದು ಒಪ್ಪಿದ್ದಿರಿ. ಇವತ್ತು ಸಂಜೆ ಆರು ಗಂಟೆ. ಲಾಸ್ಟ್," ಎಂದು ಮೇಡಂ ಫೋನಿಟ್ಟರು.

ಬಸಿಯಲ್ಲಿದ್ದ ಚಹಾ ಆರಿತು.

ಒಳಗೆ ಶೆಟ್ಟೆಪ್ಪನವರ ಹೆಂಡತಿ ಗಂಗುಬಾಯಿ, ಅವರ ಜೊತೆ ಕೆಲಸಕ್ಕೆ ಬರುವ ನೀಲಾವತಿ ಮತ್ತು ಮಾಧುರಿ ರೊಟ್ಟಿ ಬಡಿಯುತ್ತಿದ್ದರು. ಮೂವರ ಕೈಯ ಸಪ್ಪಳ ಒಂದೇ ತಾಳಕ್ಕೆ ಬೀಳುತ್ತಿತ್ತು. ಹನ್ನೊಂದು ವರ್ಷ ಬಂದರಿನ ಕಡೆಯ ಒಂದು ಆಫೀಸಿನ ಕ್ಯಾಂಟೀನಿಗೆ ಇಲ್ಲಿಂದ ದಿನಕ್ಕೆ ಇನ್ನೂರು ರೊಟ್ಟಿ ಹೋಗುತ್ತಿದ್ದವು. ಮೂರು ತಿಂಗಳ ಹಿಂದೆ ಆ ಆಫೀಸು ಸಮುದ್ರದ ಖಾಡಿ ದಾಟಿ ನವಿ ಮುಂಬಯಿಗೆ ಹೋಯಿತು. ಅಂದಿನಿಂದ ಹಂಚು ಹನ್ನೊಂದು ಗಂಟೆಗೇ ಆರುತ್ತಿತ್ತು. ಟವರಿನ ಸ್ಟಾಲು ಸಿಗದಿದ್ದರೆ ಬರುವ ತಿಂಗಳು ನೀಲಾವತಿ, ಮಾಧುರಿ ಇಬ್ಬರಿಗೂ ಬೇರೆ ಕೆಲಸ ನೋಡಿಕೊಳ್ಳಿ ಎನ್ನಬೇಕು. ಶೆಟ್ಟೆಪ್ಪನವರು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಆ ಇಬ್ಬರಿಗೂ ಗೊತ್ತಿತ್ತು. ಒಂದು ವಾರದಿಂದ ಅವರು ರಜೆ ಕೇಳುವುದನ್ನೇ ಬಿಟ್ಟಿದ್ದರು.

"ಯಾರ್‍ರೀ ಫೋನ್ ಮಾಡಿದ್ದು?" ಗಂಗುಬಾಯಿ ಒಳಗಿನಿಂದಲೇ ಕೇಳಿದರು.

"ಯಾರಿಲ್ಲ. ಒಂದು ಸಿನಿಮಾ ತಗೀಬೇಕಾಗೇತಿ. ಸಂಜೀ ಒಳಗ," ಎಂದವರೇ ಶೆಟ್ಟೆಪ್ಪನವರು ಮೆಟ್ಟಿಲು ಹತ್ತಿದರು.

ಎರಡನೆಯ ಮಹಡಿಯಲ್ಲಿ ಉಡುಪಿ ಕಡೆಯ ಶೀಲಾವತಿಯವರ ಮನೆ. ಗಂಡ ಮಾಟುಂಗಾದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಮಗಳು ವಿಜೇತಾ ಅಂಧೇರಿಯ ಸ್ಟುಡಿಯೋದಲ್ಲಿ ಕಾರ್ಟೂನು ಮಾಡುವ ಕೆಲಸದಲ್ಲಿದ್ದಳು. ಗುರುವಾರ ಅವಳಿಗೆ ರಜೆ. ರಜೆಯ ದಿನ ಒಂಬತ್ತೂಕಾಲಿಗೆ ಬಾಗಿಲು ಬಡಿದವರ ಮೇಲೆ ಅವಳಿಗೆ ಯಾವ ಪ್ರೀತಿಯೂ ಇರಲಿಲ್ಲ. ಆದರೆ ಬಾಗಿಲಲ್ಲಿ ನಿಂತ ಮುಖ ನೋಡಿದ ಮೇಲೆ ಒಳಗೆ ಕರೆದಳು.

"ಅಂಕಲ್, ಏಕ್ ಮಿನಿಟ್ ವಿಡಿಯೋಗೆ ನಮ್ಮ ಸ್ಟುಡಿಯೋದಲ್ಲಿ ಹದಿನೈದು ದಿನ ಬೇಕು."

"ನನ್ನ ಹಂತೇಕ ಎಂಟೂಮುಕ್ಕಾಲು ತಾಸು ಅದಾವು ತಂಗಿ."

ವಿಜೇತಾ ಕಣ್ಣುಜ್ಜಿಕೊಂಡು ಬೆರಳು ಮಡಿಚಿದಳು. "ಪೆಹಲೇ ಸ್ಟೋರಿ. ಮತ್ತೆ ಒಂದೊಂದು ಬಾಕ್ಸಲ್ಲಿ ಒಂದೊಂದು ಸೀನ್ ಪೇಪರಲ್ಲಿ ಬಿಡಿಸೋದು. ಮತ್ತೆ ಮನುಷ್ಯ ಹೇಗೆ ಕಾಣೋದು, ಅದು. ಮತ್ತೆ ವಾಯ್ಸ್. ಲಾಸ್ಟಲ್ಲಿ ಎಲ್ಲ ಓಡಿಸೋದು. ಸ್ಟೋರಿ ಯಾರ ಹತ್ರ ಉಂಟು?"

ಮುಂಬಯಿಯ ಬಿಲ್ಡಿಂಗಿನಲ್ಲಿ ಗುಟ್ಟಿಗೆ ಲಿಫ್ಟು ಬೇಕಿಲ್ಲ. ಅದು ಮೆಟ್ಟಿಲ ಮೇಲೆಯೇ ಓಡುತ್ತದೆ. ಅರ್ಧ ತಾಸಿನಲ್ಲಿ ಮೊದಲ ಮಹಡಿಯ ಈರಣ್ಣನವರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಬೆಳಗಾವಿ ಕಡೆಯವರು, ಹಡಗು ನಿಲ್ಲುವ ಗೋದಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಗೊತ್ತಿಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಿದವರಿಲ್ಲ.

"ಕತಿ ನನ್ನ ಕಡೆ ಬಿಡ್ರಿ. ಬರದ ತಂದೇನಿ," ಎಂದು ಅವರು ಮೂರು ಹಾಳೆ ಬಿಚ್ಚಿ ಓದತೊಡಗಿದರು. ಕತೆ ಸುಲ್ತಾನರ ಕಾಲದಿಂದ ಶುರುವಾಗಿತ್ತು. ಸೈನಿಕರು ಕುದುರೆಯ ಮೇಲೆ ರೊಟ್ಟಿಯ ಗಂಟು ಕಟ್ಟಿಕೊಂಡು ಹೋದರು. ಯುದ್ಧ ನಡೆಯಿತು. ಒಂದು ಕೋಟೆ ಬಿತ್ತು, ಇನ್ನೊಂದು ಎದ್ದಿತು. ವಿಜೇತಾ ಫೋನಿನ ಗಡಿಯಾರ ನೋಡುತ್ತ ಕೂತಿದ್ದಳು.

"ಅಂಕಲ್, ಚಾರ್ ಮಿನಿಟ್ ಆಯ್ತು. ಜೋಳ ಇನ್ನೂ ಬಂದಿಲ್ಲ."

"ಬರ್ತದ ತಂಗಿ. ಮೊದಲ ಮಳಿ ಬರಲಿ."

"ಒಂದು ಮಿನಿಟಲ್ಲಿ ಬರೀ ನೂರಾ ಇಪ್ಪತ್ತು ವರ್ಡ್ ಹೋಗ್ತದೆ ಅಂಕಲ್. ಅಷ್ಟೇ."

"ನೂರಾ ಇಪ್ಪತ್ತ ಮಾತಿನ್ಯಾಗ ನಮ್ಮ ಮನಿಯಾಕಿ ಚಹಾಕ್ಕೂ ಕರಿಯೂದಿಲ್ಲ," ಎಂದು ಈರಣ್ಣನವರು ಬೇಸರದಿಂದ ಹಾಳೆ ಮಡಚಿ ಜೇಬಿಗಿಟ್ಟರು. ಎದ್ದು ಮಾತ್ರ ಹೋಗಲಿಲ್ಲ.

ಕೊನೆಗೆ ವಿಜೇತಾ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಆರು ಚೌಕ ಗೀಚಿದಳು. ಒಂದು ಜೋಳದ ಕಾಳು ಉರುಳಿ ಬರುತ್ತದೆ. ಅದು ಹಿಟ್ಟಾಗುತ್ತದೆ. ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಾಳೆ. ರೊಟ್ಟಿ ಹಂಚಿನ ಮೇಲೆ ಹುಣ್ಣಿಮೆ ಚಂದ್ರನಂತೆ ಉಬ್ಬುತ್ತದೆ. ಹಾಗೇ ಹಾರಿ ಹಾರ್ಬರ್ ಲೈನಿನ ರೈಲು ದಾಟುತ್ತದೆ. ಮೂವತ್ತೆರಡನೆಯ ಮಹಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಶೆಟ್ಟೆಪ್ಪನವರು ಚೌಕಗಳ ಮೇಲೆ ಬಾಗಿದರು. ತಮ್ಮ ರೊಟ್ಟಿ ಇಷ್ಟು ಎತ್ತರಕ್ಕೆ ಹೋಗಬಹುದೆಂದು ಅವರು ಯಾವತ್ತೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಹುಡುಗಿಗೆಂದು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಿಡಿದುಕೊಂಡು ಗಂಗುಬಾಯಿ ಮೇಲೆ ಬಂದರು. ಅವರ ಹಿಂದೆ ನೀಲಾವತಿ, ಮಾಧುರಿ. ಗಂಗುಬಾಯಿ ಕ್ಯಾಲೆಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎರಡನೇ ಡಬ್ಬಿಗೂ ಮೂರನೇ ಡಬ್ಬಿಗೂ ನಡುವ ಬಿಸಿನೀರು ಎಲ್ಲೈತಿ?"

"ಆಂಟಿ, ಕಾರ್ಟೂನಲ್ಲಿ ಅಷ್ಟೆಲ್ಲ..."

"ಕಾರ್ಟೂನ್ ಇದ್ರೇನಾತವ್ವ, ಬಿಸಿನೀರು ಇಲ್ಲದ ಜೋಳದ ಹಿಟ್ಟು ಕೂಡೂದಿಲ್ಲ. ಹಾಂಗ ಬಡದ್ರ ರೊಟ್ಟಿ ಅಂಚೆಲ್ಲ ಸೀಳ್ತದ. ಗೊತ್ತಿದ್ದಾವ್ರು ನೋಡಿದ್ರ ನಗ್ತಾರ."

ವಿಜೇತಾ ನಡುವೆ ಒಂದು ಚೌಕ ಸೇರಿಸಿ, ಹಬೆಯಾಡುವ ಪಾತ್ರೆ ಬರೆದಳು. ಕತೆ ಮುಗಿಯಿತು. ಗಂಟೆ ಹನ್ನೆರಡಾಗಿತ್ತು. ಇನ್ನೇನು ಕೆಲಸ ಓಡುತ್ತದೆ ಎಂದು ಶೆಟ್ಟೆಪ್ಪನವರು ಮೀಸೆ ತಿರುವಿದರು. ಆದರೆ ರೊಟ್ಟಿ ಬಡಿಯುವ ಚೌಕದ ಹೆಂಗಸಿಗೆ ಇನ್ನೂ ಮುಖ ಬಂದಿರಲಿಲ್ಲ.

ವಿಜೇತಾ ಕಂಪ್ಯೂಟರಿನಲ್ಲಿ ಮುಖ ಬಿಡಿಸಿದಳು. ದುಂಡು ಗಲ್ಲ, ತಲೆಯ ಮೇಲೆ ಸೆರಗು, ದೊಡ್ಡ ಮೂಗುತಿ.

ನೀಲಾವತಿ ಬಾಗಿ ನೋಡಿದವಳೇ ಎದೆ ಮುಟ್ಟಿಕೊಂಡಳು. "ಯವ್ವಾ! ಇದು ನಾನ! ನನ್ನ ಮೂಗ ಇಷ್ಟ ಬದನಿಕಾಯಿ ಹಾಂಗೈತೇನು? ಊರಾಗ ನಮ್ಮ ಮೈದುನ ಇದನ್ನ ನೋಡಿದ್ರ ಸಾಯೂತನಾ ಅಣಗಸ್ತಾನ. ಬ್ಯಾಡ ಬ್ಯಾಡ, ಅಳಸು."

ವಿಜೇತಾ ಮೂಗು ಸಣ್ಣದು ಮಾಡಿದಳು. ಗಲ್ಲ ಇಳಿಸಿದಳು. ಕಣ್ಣು ಅಗಲವಾಯಿತು.

ಈಗ ಮಾಧುರಿಯ ಮುಖ ಅರಳಿತು. "ಅಯ್ಯ, ಇದು ನನ್ನಂಗ ಐತಲ್ಲ! ಇರಲಿ ಬಿಡ್ರಿ, ನಡೀತದ."

ನಡೆಯಲಿಲ್ಲ. ನೀಲಾವತಿ ಸೊಂಟಕ್ಕೆ ಕೈಯಿಟ್ಟಳು. "ಹೌದಾ? ಇಲ್ಲಿ ಒಂಬತ್ತು ವರ್ಷದಿಂದ ರೊಟ್ಟಿ ಬಡಿಯಾಕಿ ನಾನು. ಈಕಿ ಬಂದು ಎರಡು ದೀಪಾವಳಿ ಆಗಿಲ್ಲ. ಲಿಫ್ಟಿನ್ಯಾಗ ಈಕಿ ಮಾರಿ ಹೋಗ್ತದೇನು?"

"ನೀನ ಅಲ್ಲೇನಕ್ಕ, ಈಗ ಬ್ಯಾಡ ಅಂದಾಕಿ?"

"ಬದನಿಕಾಯಿ ಮೂಗ ಬ್ಯಾಡ ಅಂದೆ. ಮಾರಿ ಬ್ಯಾಡ ಅಂದಿಲ್ಲ."

ಇಬ್ಬರನ್ನೂ ಬೆರೆಸಿ ಒಂದು ಮುಖ ಮಾಡಿದ್ದಾಯಿತು. ಅದು ಇಬ್ಬರಿಗೂ ಸೇರಲಿಲ್ಲ. ಒಲೆಯ ಮೇಲೆ ಮೀನಿನ ಗಸಿ ಬಿಟ್ಟು ಶೀಲಾವತಿ ಸೌಟು ಸಮೇತ ಹೊರಗೆ ಬಂದರು. "ಎಂತ ಮಾರಾಯ್ತಿ, ಇದು ನನ್ನ ಅತ್ತೆಯ ಹಾಗೆ ಕಾಣ್ತದೆ. ಹುಬ್ಬು ನೋಡು. ನಾಳೆಯಿಂದ ನಾನು ಆ ಟವರಿನ ಲಿಫ್ಟಿಗೆ ಕಾಲಿಡುವುದಿಲ್ಲ."

"ನೀವು ಆ ಟವರಿಗೆ ಯಾಕ ಹೋಗ್ತೀರಿ?" ಎಂದು ಈರಣ್ಣನವರು ಕೇಳಿದ್ದಕ್ಕೆ ಸೌಟು ಅವರ ಕಡೆ ತಿರುಗಿತು. ಅವರು ಕನ್ನಡಕ ಒರೆಸಿಕೊಂಡರು.

ಶೆಟ್ಟೆಪ್ಪನವರಿಗೆ ಆಗ ಸುಲಭದ ದಾರಿ ಹೊಳೆಯಿತು. "ಅಲ್ರೀ, ಕೇಂದ್ರ ಯಾರದು? ಗಂಗೂನದು. ಆಕೀದ ಮಾರಿ ಹಾಕೂನು. ಯಾರ ಏನು ಅಂತಾರ?"

ಗಂಗುಬಾಯಿ ಎರಡೂ ಕೈ ಎತ್ತಿದರು. "ನನ್ನ ಮಾರಿ ಬ್ಯಾಡ್ರೀ. ನಾನು ಲಿಫ್ಟು ಹತ್ತಿದ್ರ ತಲಿ ತಿರಗ್ತದ. ಇನ್ನ ದಿನಾ ಮಂದಿ ಕೂಡ ಮೂವತ್ತೆರಡು ಮಾಳಿಗಿ ಮ್ಯಾಲ ಕೆಳಗ ಅಡ್ಡಾಡೂದಂದ್ರ ಆಗೂದಿಲ್ಲ."

"ಅದು ಚಿತ್ರ ಅಲ್ಲೇನ!"

"ಚಿತ್ರ ನನ್ನದ ಅಲ್ಲ?"

ಮೂವತ್ತನಾಲ್ಕು ವರ್ಷದ ಸಂಸಾರದ ಅನುಭವವಿದ್ದ ಶೆಟ್ಟೆಪ್ಪನವರು ಗೋಡೆಯ ಕಡೆ ತಿರುಗಿದರು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ವಿಜೇತಾ ಹನ್ನೊಂದನೆಯ ಮುಖ ಅಳಿಸಿ, ಕುರ್ಚಿಗೆ ಒರಗಿ, ಕೋಣೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಅವಳ ಕಣ್ಣು ಶೆಟ್ಟೆಪ್ಪನವರ ಮೇಲೆ ನಿಂತಿತು. ತಲೆಗೆ ಸುತ್ತಿದ ಕೆಂಪು ಪಟಕಾ. ಕಿವಿಯ ತನಕ ಹೋಗಿ ಮೇಲಕ್ಕೆ ತಿರುಗಿದ ಮೀಸೆ.

"ಅಂಕಲ್, ನಿಮ್ಮದೇ ಹಾಕ್ತೇನೆ. ನೀವೇ ರೊಟ್ಟಿ ಬಡಿಯೋದು."

"ನಾನಾ? ನಾ ಯಾವತ್ತು ಬಡದೇನಿ?"

"ಕಾರ್ಟೂನ್ ಅಲ್ವಾ. ರೊಟ್ಟಿ ಕೂಡ ಯಾವತ್ತು ಹಾರಿದೆ?"

 ನೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಧುರಿ ಗೋಡೆ ಹಿಡಿದಳು. ಬೆಳಗಿನಿಂದ ಒಂದು ವಿಷಯಕ್ಕೂ ಒಪ್ಪದ ಹೆಂಗಸರು ಇದಕ್ಕೆ ಒಟ್ಟಿಗೆ ಒಪ್ಪಿದರು. ಗಂಗುಬಾಯಿಗಂತೂ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. "ಇವ್ರು ರೊಟ್ಟಿ ಬಡಿಯೂದಾ! ಹಾಕವ್ವ, ಹಾಕು. ಹಾಂಗರೆ ನೋಡ್ತೀನಿ ಒಮ್ಮಿ."

ಶೆಟ್ಟೆಪ್ಪನವರು ಬೇಡ ಎನ್ನುತ್ತಲೇ ಶೀಲಾವತಿಯವರ ಸ್ಟೀಲಿನ ಡಬ್ಬಿಯ ಮುಚ್ಚಳದಲ್ಲಿ ಮುಖ ನೋಡಿಕೊಂಡು ಮೀಸೆಯ ಎಡತುದಿಯನ್ನು ಬಲತುದಿಗೆ ಸಮ ಮಾಡಿದರು.

ಇನ್ನು ದನಿ. ಅದಕ್ಕೆ ಸದ್ದಿಲ್ಲದ ಜಾಗ ಬೇಕು ಎಂದಳು ವಿಜೇತಾ. ವಡಾಲದಲ್ಲಿ ಸದ್ದಿಲ್ಲದ ಜಾಗ ಎಂದರೆ ಎಮ್ಮೆಯ ಹಲ್ಲಿನಲ್ಲಿ ಚಿನ್ನ ಹುಡುಕಿದ ಹಾಗೆ. ಮುಂದಿನ ಕೋಣೆಯಲ್ಲಿ ಮಾತಾಡಿದರೆ ರೈಲು. ಹಿಂದಿನದರಲ್ಲಿ ಕುಕ್ಕರು. ಮೆಟ್ಟಿಲ ಮೇಲೆ ಬೊಂಬಿಲ್ ಮೀನು ಮಾರುವವಳು. ಕೊನೆಗೆ ವಿಜೇತಾ ಬಟ್ಟೆಯ ಕಪಾಟು ತೆಗೆದಳು. ಸೀರೆಗಳ ನಡುವೆ ಸದ್ದು ಸತ್ತುಹೋಗುತ್ತದಂತೆ. ಅವರ ಸ್ಟುಡಿಯೋದಲ್ಲಿಯೂ ಅರ್ಜೆಂಟಿದ್ದರೆ ಹೀಗೇ ಮಾಡುತ್ತಾರಂತೆ.

ಆರಡಿ ಎತ್ತರದ ಶೆಟ್ಟೆಪ್ಪನವರು ಪಟಕಾ ತೆಗೆದು, ಕುತ್ತಿಗೆ ಬಗ್ಗಿಸಿ, ಫೋನು ಹಿಡಿದು ಶೀಲಾವತಿಯವರ ಸೀರೆಗಳ ನಡುವೆ ನಿಂತರು. ಬಾಗಿಲು ಮುಚ್ಚಿತು. ಹೊರಗಿನಿಂದ ಈರಣ್ಣನವರು ಒಂದೊಂದೇ ಸಾಲು ಕೂಗಿ ಹೇಳಿಕೊಟ್ಟರು. ಒಳಗಿನಿಂದ ಬಂದ ದನಿ ರೇಷನ್ ಅಂಗಡಿಯಲ್ಲಿ ಹೆಸರು ಕರೆದ ಹಾಗಿತ್ತು. "ಇದು... ಜೋಳದ... ರೊಟ್ಟಿ. ಇದು... ಬಿಸಿ... ಐತಿ."

"ಜೀವ ಹಾಕ್ರಿ ಶೆಟ್ಟೆಪ್ಪಾ, ಜೀವ!" ಈರಣ್ಣನವರು ಹುರುಪಿನಲ್ಲಿ ಕಪಾಟಿನ ಬಾಗಿಲ ಹಿಡಿಯನ್ನು ಹಿಡಿದು ಅಲುಗಾಡಿಸಿದರು. ಹಿಡಿ ಕಿತ್ತು ಅವರ ಕೈಗೇ ಬಂತು.

ಬಾಗಿಲು ತೆರೆಯಲಿಲ್ಲ. ಎಳೆಯಲು ಹಿಡಿಯಿಲ್ಲ. ಒಳಗೆ ನುಸಿಗುಳಿಗೆಯ ವಾಸನೆ. ಮೊದಲು ಒಂದು ಸೀನು ಕೇಳಿಸಿತು, ಆಮೇಲೆ ಇನ್ನೊಂದು. ಆಮೇಲೆ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಶೆಟ್ಟೆಪ್ಪನವರ ಊರಿನ ದನಿ ಎದ್ದಿತು. "ಬಾಗಲಾ ತಗೀರಿ! ಏ ಯಾರರೆ ಬಾಗಲಾ ತಗೀರಿ! ನಾ ಇಲ್ಲೇ ನಿಂತೀನಿ, ಬಾಗಲಾ ತಗೀರೆಪ್ಪೋ!"

ವಿಜೇತಾ ಕುರ್ಚಿಯಿಂದ ಎದ್ದುನಿಂತಳು. "ಯೇ! ಯೇ ಚಾಹಿಯೇ! ಇದೇ ವಾಯ್ಸ್ ಬೇಕು! ಅಂಕಲ್, ಫೋನ್ ಬಂದ್ ಮಾಡಬೇಡಿ! ಔರ್ ಏಕ್ ಬಾರ್!"

"ಏನ್ ಔರ್ ಏಕ್ ಬಾರ್! ಉಸರ ಕಟ್ಟಾಕತ್ತೇತಿ! ಬಾಗಲಾ ತಗೀರೀ!"

ಗಂಗುಬಾಯಿ ಕೆಳಗಿನಿಂದ ಇಕ್ಕಳ ತಂದು, ಬಾಗಿಲ ಸಂದಿಗೆ ತೂರಿ, ಹಂಚು ಎತ್ತುವ ಹಾಗೆ ಒಂದು ಸಲ ಮೀಟಿದರು. ಬಾಗಿಲು ತೆರೆದುಕೊಂಡಿತು. ಶೆಟ್ಟೆಪ್ಪನವರು ಹೆಗಲ ಮೇಲೆ ಒಂದು ಹಸಿರು ರೇಷ್ಮೆ ಸೀರೆ ಹೊದ್ದುಕೊಂಡೇ ಹೊರಗೆ ಬಿದ್ದರು. ಅವರನ್ನು ಎತ್ತಲು ಯಾರೂ ಬರಲಿಲ್ಲ. ಎಲ್ಲರೂ ಆಗಲೇ ಕಂಪ್ಯೂಟರಿನ ಮುಂದಿದ್ದರು.

ಐದೂಮುಕ್ಕಾಲಿಗೆ ಚಿತ್ರಗಳೆಲ್ಲ ಒಂದಕ್ಕೊಂದು ಕೂಡಿ ವಿಡಿಯೋ ಆಯಿತು. ಅದು ಕೂಡುವಷ್ಟು ಹೊತ್ತು ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಹಾಲು ಕಾಯುವುದನ್ನು ನೋಡುವ ಹಾಗೆ ಏಳು ಜನ ಅದನ್ನು ನೋಡಿದರು. ಆ ಏಳನೆಯವಳು ಬೊಂಬಿಲ್ ಮಾರುವವಳು. ಇನ್ನು ಕಳಿಸುವುದೊಂದೇ ಬಾಕಿ ಎನ್ನುವಾಗ, ಅಷ್ಟು ಹೊತ್ತೂ ಅಡುಗೆಮನೆಯಲ್ಲಿದ್ದ ಶೀಲಾವತಿ ರಾತ್ರಿಯ ಮಸಾಲೆಗೆಂದು ಮಿಕ್ಸಿ ಹಾಕಿದರು. ಫ್ಯೂಜು ಹಾರಿತು. ಅದರ ಜೊತೆಗೆ ಇಂಟರ್ನೆಟ್ಟೂ ಹೋಯಿತು.

"ಅಮ್ಮಾ!" ವಿಜೇತಾ ಚೀರಿದಳು.

"ನಂಗೆ ಎಂತ ಗೊತ್ತು ಮಾರಾಯ್ತಿ, ನಿನ್ನ ಸಿನಿಮಾಕ್ಕೂ ನನ್ನ ತೆಂಗಿನಕಾಯಿಗೂ ಒಂದೇ ತಂತಿ ಅಂತ?"

ಬ್ಯಾಟರಿಯ ಮೇಲೆ ಓಡುತ್ತಿದ್ದ ಕಂಪ್ಯೂಟರಿನಿಂದ ವಿಜೇತಾ ವಿಡಿಯೋವನ್ನು ತಂತಿ ಹಾಕಿ, ಮೇಡಂ ನಂಬರು ಇದ್ದ ಶೆಟ್ಟೆಪ್ಪನವರ ಫೋನಿಗೆ ಇಳಿಸಿದಳು. ಅದಕ್ಕೆ ಸಿಗ್ನಲ್ಲು ಸಿಗುತ್ತಿದ್ದದ್ದು ಕಿಟಕಿಯ ಹೊರಗೆ. ಈರಣ್ಣನವರು ಹಿಂದಿನಿಂದ ಸೊಂಟ ಹಿಡಿದರು. ಶೆಟ್ಟೆಪ್ಪನವರು ಕಿಟಕಿಯ ಸರಳಿನ ಆಚೆ ಕೈ ಚಾಚಿ ಫೋನನ್ನು ಟವರಿನ ಕಡೆ ಹಿಡಿದು ಆರತಿ ಎತ್ತುವ ಭಟ್ಟರ ಹಾಗೆ ನಿಂತರು. ಹಳಿಯ ಮೇಲೆ ಒಂದು ರೈಲು ಹೋಯಿತು, ಇನ್ನೊಂದು ಬಂತು. ಐದು ಐವತ್ತೆಂಟಕ್ಕೆ ವಿಜೇತಾ "ಗಯಾ! ಹೋಯ್ತು!" ಎಂದಳು.

ಆಮೇಲೆ ಎಲ್ಲರೂ ಕೂತು ಅದನ್ನು ನೋಡಿದರು. ಕಾಳು ಉರುಳಿ ಬಂತು, ಹಿಟ್ಟಾಯಿತು, ಬಿಸಿನೀರು ಹಬೆಯಾಡಿತು. ಕೆಂಪು ಪಟಕಾದ ಶೆಟ್ಟೆಪ್ಪನವರು ತೋಳು ಮಡಿಚಿ ರೊಟ್ಟಿ ಬಡಿದರು. ಒಂದೊಂದು ಏಟಿಗೆ ಮೀಸೆಯ ಎರಡು ತುದಿ ಕುಣಿದವು, ಆಮೇಲೆ ಭುಜ ಕುಣಿಯಿತು, ಆಮೇಲೆ ಇಡೀ ಶೆಟ್ಟೆಪ್ಪನವರೇ ಕುಣಿದರು. ರೊಟ್ಟಿ ಉಬ್ಬಿ ಹಾರಿತು. ಮೂವತ್ತೆರಡನೆಯ ಮಹಡಿಯ ಬಾಗಿಲಿನ ಮುಂದೆ ನಿಂತು ಅದು ಗಂಟಲು ಹರಿಯುವ ಹಾಗೆ ಕೂಗಿತು: "ಬಾಗಲಾ ತಗೀರಿ! ನಾ ಇಲ್ಲೇ ನಿಂತೀನಿ, ಬಾಗಲಾ ತಗೀರೆಪ್ಪೋ!" ಕೆಳಗೆ ಹಿಂದಿಯಲ್ಲಿ ಅಕ್ಷರ ಬಂದವು. ಬೊಂಬಿಲ್ ಮಾರುವವಳು ಚಪ್ಪಾಳೆ ತಟ್ಟಿದಳು. ಈರಣ್ಣನವರು ಮಾತ್ರ ಒಂದು ಕುದುರೆಯಾದರೂ ಇರಬೇಕಾಗಿತ್ತು ಎಂದರು.

ಏಳು ಗಂಟೆ ದಾಟಿತು. ಕೇಂದ್ರದಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ನೀಲಾವತಿ ಒರೆಸಿದ ಹಂಚನ್ನೇ ಮತ್ತೆ ಒರೆಸುತ್ತಿದ್ದಳು. ಮಾಧುರಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತಿದ್ದಳು. ಬೆಳಗಿನ ಮುಖದ ಜಗಳ ಇಬ್ಬರಿಗೂ ಮರೆತಿತ್ತು. ಫೋನು ರಿಂಗಾದಾಗ ಶೆಟ್ಟೆಪ್ಪನವರ ಹೆಬ್ಬೆರಳು ತಪ್ಪಿ ತಾಗಿ ಸ್ಪೀಕರು ಆನ್ ಆಯಿತು.

"ಶೆಟ್ಟೆಪ್ಪಜೀ, ಮುಬಾರಕ್ ಹೋ! ಆಪ್ ಜೀತ್ ಗಯೇ!"

ನೀಲಾವತಿ ಮಾಧುರಿಯನ್ನು ಅಪ್ಪಿಕೊಂಡಳು. ಶೀಲಾವತಿ ಸೌಟು ಹಿಡಿದೇ ಕೆಳಗೆ ಓಡಿ ಬಂದರು. ಈರಣ್ಣನವರು ಸಿಕ್ಕವರ ಕೈಯನ್ನೆಲ್ಲ ಕುಲುಕಿದರು. ಗಂಗುಬಾಯಿ ಹಂಚಿಗೆ ಕೈಮುಗಿದರು. ಶೆಟ್ಟೆಪ್ಪನವರಿಗೆ ಗಾಳಿಯಲ್ಲಿ ತೇಲಿದ ಹಾಗಾಯಿತು. ಪ್ರತಿ ಭಾನುವಾರ ನಾನೂರು ರೊಟ್ಟಿ! ವರ್ಷವಿಡೀ! ಲಿಫ್ಟಿನ ಟಿ.ವಿ. ನೋಡಿ ಉಳಿದ ದಿನ ಬರುವ ಗಿರಾಕಿ ಬೇರೆ! ಯಾರಿಗೂ ಬೇರೆ ಕೆಲಸ ನೋಡಿಕೊಳ್ಳಿ ಎನ್ನಬೇಕಾಗಿಲ್ಲ.

"ಒಂದು ಮಾತು," ಎಂದರು ಮೇಡಂ ಹಿಂದಿಯಲ್ಲಿ, "ವಿಡಿಯೋದಲ್ಲಿರುವ ಆ ಮೀಸೆಯ ಅಂಕಲ್ ಯಾರು?"

ಶೆಟ್ಟೆಪ್ಪನವರು ಎದೆ ಉಬ್ಬಿಸಿದರು. "ಮೈ ಹೀ ಹೂಂ ಮೇಡಂ."

"ಹಾಗೇ ಇರಬೇಕೆಂದು ನಾವೂ ಅಂದುಕೊಂಡೆವು. ನಿಮಗೆ ವೋಟು ಬಿದ್ದದ್ದೇ ಅದಕ್ಕೆ. ರೊಟ್ಟಿ ಬಡಿಯುವ ಹೆಂಗಸರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಮೂವತ್ತೆರಡು ಮಹಡಿಯಲ್ಲಿ ಹುಡುಕಿದರೂ ಬಡಿಯುವ ಗಂಡಸು ಒಬ್ಬನೂ ಸಿಗುವುದಿಲ್ಲ. ಸಭೆಯಲ್ಲಿ ಹೆಂಗಸರೆಲ್ಲ ಒಟ್ಟಾಗಿ ಕೈ ಎತ್ತಿದರು. ಭಾನುವಾರ ಹನ್ನೊಂದಕ್ಕೆ ನೀವೇ ಎಲ್ಲರ ಎದುರಿಗೆ ಒಲೆ ಹಚ್ಚಿ ಕೂರಬೇಕು. ಅದೇ ಪಟಕಾ. ಹಿಂದೆ ಕೂತು ಯಾರು ಬೇಕಾದರೂ ಸಹಾಯ ಮಾಡಲಿ, ಮುಂದಿನ ಹಂಚಿನ ಮೇಲೆ ಮಾತ್ರ ನಿಮ್ಮ ಕೈ. ನಮ್ಮ ಗಂಡಂದಿರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತೇವೆ, ನೋಡಿ ಕಲಿಯಲಿ. ಆಗುತ್ತದೆ ತಾನೆ?"

 ಶೆಟ್ಟೆಪ್ಪನವರು ಬಾಯಿ ತೆರೆದರು. ಆಗುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ನೀಲಾವತಿ ಮಾಧುರಿಯ ಕೈ ಬಿಟ್ಟಿರಲಿಲ್ಲ. ಇಬ್ಬರೂ ಅವರ ಬಾಯನ್ನೇ ನೋಡುತ್ತಿದ್ದರು.

"ಹಾಂ ಜೀ ಮೇಡಂ," ಎಂದರು ಶೆಟ್ಟೆಪ್ಪನವರು. "ಕರೇಂಗೇ."

ಫೋನು ಕಟ್ಟಾಯಿತು. ಶೆಟ್ಟೆಪ್ಪನವರು ತಮ್ಮ ಎರಡೂ ಅಂಗೈ ಬಿಚ್ಚಿ, ಬೇರೆ ಯಾರದೋ ಸಾಮಾನು ತಪ್ಪಿ ತಮ್ಮ ಮನೆಗೆ ಬಂದಿದೆಯೇನೋ ಎಂಬಂತೆ ನೋಡಿದರು.

"ನಡುವ ಎರಡ ದಿನ ಅದಾವು," ಎಂದರು ಈರಣ್ಣನವರು. "ಬೇಕಂದ್ರ ಹ್ಯಾಂಗ ಬಡೀಬೇಕಂತ ನಾ ಬರದು ಕೊಡ್ತೀನಿ."

ಗಂಗುಬಾಯಿ ಸೆರಗು ಸಿಕ್ಕಿಸಿಕೊಂಡರು. ಒಲೆ ಹಚ್ಚಿದರು. ಹಿಟ್ಟು ನಾದುವ ಪರಾತವನ್ನು ಕಾಲಿನಿಂದ ಸರಿಸಿ ಗಂಡನ ಮುಂದೆ ತಂದರು. ಹಿಟ್ಟು ಸುರಿದರು, ಬಿಸಿನೀರಿನ ಪಾತ್ರೆ ಪಕ್ಕಕ್ಕಿಟ್ಟರು, ತಾವು ಶೆಟ್ಟೆಪ್ಪನವರ ಕುರ್ಚಿಯ ಮೇಲೆ ಹೋಗಿ ಕೂತರು.

"ಕೂಡ್ರಿ."

ಶೆಟ್ಟೆಪ್ಪನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು. ನೀಲಾವತಿ ನೀರು ಜಾಸ್ತಿ ಹಾಕ್ರಿ ಎಂದಳು, ಮಾಧುರಿ ಕಡಿಮೆ ಹಾಕ್ರಿ ಎಂದಳು, ಶೀಲಾವತಿ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿದರೆ ಎಂತ ಎಂದರು. ಬೆರಳು ಸುಟ್ಟಿತು. ಮೀಸೆಗೆ ಹಿಟ್ಟು ಹತ್ತಿತು. ಅರ್ಧ ತಾಸಿನ ಮೇಲೆ ಹಂಚಿನ ಮೇಲೆ ಒಂದು ವಸ್ತು ಬಿತ್ತು. ಅದು ಒಂದು ಕಡೆ ದಪ್ಪ, ಒಂದು ಕಡೆ ತೂತು, ಉಳಿದ ಕಡೆಯೆಲ್ಲ ಸೀಳು. ಆದರೂ ನಡುವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಅದು ಮೆಲ್ಲಗೆ ಉಬ್ಬಿತು.

"ಉಬ್ಬಿತು! ಗಂಗು ವೈನಿ, ಉಬ್ಬಿತು ನೋಡ್ರಿ!" ಮಾಧುರಿ ಕೂಗಿದಳು.

ಶೆಟ್ಟೆಪ್ಪನವರು ಅದನ್ನು ತಾಟಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದರು. "ಹ್ಯಾಂಗಾಗೇತಿ?"

ಗಂಗುಬಾಯಿ ಬಾಗಿ ನೋಡಿದರು. "ಚಿಂತಿ ಮಾಡಬ್ಯಾಡ್ರಿ. ಮದಿವಿ ಆದ ಹೊಸದಾಗಿ ನಾ ಬಡದ ಮೊದಲನೇ ರೊಟ್ಟೀನ ನಿಮ್ಮ ಅವ್ವ ಎಮ್ಮಿಗೆ ಹಾಕಿದ್ಲು." ತಾಟನ್ನು ಮೆಲ್ಲಗೆ ಗಂಡನ ಕಡೆಗೇ ತಿರುಗಿಸಿ ತಳ್ಳಿದರು. "ಇಲ್ಲಿ ಎಮ್ಮಿ ಇಲ್ಲ. ನೀವ ತಿನ್ರಿ."